ಟೋನ್ ಕೊಡಿ: ಫ್ಯಾಕ್ಸ್ ಮೋಡೆಮ್ ಮತ್ತು ನಮ್ಮ ಮನೆಗಳ ಗಲ್ಫ್ ಕಾಗದಗಳು

ಮಂಜೇಶ್ವರದಿಂದ ಕುಂಬಳೆವರೆಗಿನ ಪೇಟೆಗಳಲ್ಲಿ 1990ರ ದಶಕದಲ್ಲಿ ಎಸ್‌ಟಿಡಿ ಬೂತಿನಲ್ಲಿ ಕುಳಿತವರಿಗೆ "ಟೋನ್ ಕೊಡಿ" ಎಂಬ ಎರಡು ಪದ ಮರೆತಿರಲಿಕ್ಕಿಲ್ಲ. ಫೋನ್ ಎತ್ತಿದರೆ ದುಬೈಯಿಂದಲೋ ದಮ್ಮಾಮಿನಿಂದಲೋ ಯಾರೋ ಸಲಾಂ ಹೇಳಿ, ಮರು ಉಸಿರಿಗೇ "ಟೋನ್ ಕೊಡಿ" ಅನ್ನುತ್ತಿದ್ದರು. ಐಎಸ್‌ಡಿ ಮೀಟರ್ ಓಡುವಾಗ ಕುಶಲ ವಿಚಾರಿಸುತ್ತ ಕೂರುವವರು ಯಾರು? ಬೂತಿನವನು ಫ್ಯಾಕ್ಸ್ ಯಂತ್ರದ ಗುಂಡಿ ಒತ್ತುತ್ತಿದ್ದ. ಕೀರಲು ಧ್ವನಿ, ಆಮೇಲೆ ಗೊರಗೊರ ಸದ್ದು, ಆಮೇಲೆ ಬಿಸಿ ಬಿಸಿ ಸುರುಳಿ ಕಾಗದ. ಹೆಚ್ಚಿನ ಸಲ ಅದರಲ್ಲಿ ಇರುತ್ತಿದ್ದದ್ದು ಯಾರದೋ ವೀಸಾ.

ನನ್ನ ಮಾಮನದೂ ಅಂಥದೇ ಒಂದು ಬೂತ್. ಕಾಲೇಜು ಮುಗಿಸಿ ಕೆಲಸ ಇಲ್ಲದೆ ಇದ್ದ ಎರಡು ವರ್ಷ ನಾನು ಅಲ್ಲೇ ಕುಳಿತವನು. ಮೂಲೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಮದುವೆ ಕಾಗದ ಮಾಡಲಿಕ್ಕೆಂದು ಮಾಮ ಮಂಗಳೂರಿನಿಂದ ತಂದದ್ದು. ಅದರೊಳಗೆ ನಾವು ಫ್ಯಾಕ್ಸ್ ಮೋಡೆಮ್ ಕೂರಿಸಿದ ಕತೆ ಹೇಳಬೇಕು. ಆದರೆ ಅದಕ್ಕೆ ಮೊದಲು ಫ್ಯಾಕ್ಸ್ ನಮ್ಮವರಿಗೆ ಅಷ್ಟು ಒಗ್ಗಿದ್ದು ಯಾಕೆ ಅನ್ನುವುದನ್ನೂ ಹೇಳಬೇಕು.

ಫ್ಯಾಕ್ಸ್ ಹೊಸ ವಿದ್ಯೆಯಲ್ಲ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ ಅದರ ಮೂಲ ಕಲ್ಪನೆಗೆ ಪೇಟೆಂಟ್ ಪಡೆದದ್ದು 1843ರಲ್ಲಿ, ಟೆಲಿಫೋನ್ ಹುಟ್ಟುವುದಕ್ಕೂ ಮೊದಲು. ಆದರೆ ಒಂದು ಕಂಪೆನಿಯ ಯಂತ್ರಕ್ಕೆ ಇನ್ನೊಂದು ಕಂಪೆನಿಯ ಯಂತ್ರದ ಮಾತು ತಿಳಿಯುವಂತಾದದ್ದು 1980ರಲ್ಲಿ, ಗ್ರೂಪ್ 3 ಎಂಬ ಅಂತರರಾಷ್ಟ್ರೀಯ ನಿಯಮ ಬಂದ ಮೇಲೆ. ಅದನ್ನು ಜಗತ್ತಿಗೆ ಹಬ್ಬಿಸಿದವರು ಜಪಾನಿನವರು. ಸಾವಿರಾರು ಅಕ್ಷರಗಳ ಅವರ ಲಿಪಿಯನ್ನು ಟೆಲೆಕ್ಸಿನಲ್ಲಿ ಕುಟ್ಟುವುದು ಆಗದ ಮಾತು. ಫ್ಯಾಕ್ಸಿಗೆ ಅಕ್ಷರದ ಹಂಗಿಲ್ಲ. ಅದು ಹಾಳೆಯನ್ನು ಅಡ್ಡ ಗೆರೆಗಳಾಗಿ ಸೀಳುತ್ತದೆ, ಒಂದೊಂದು ಗೆರೆಯಲ್ಲಿ 1728 ಚುಕ್ಕೆ, ಪ್ರತಿ ಚುಕ್ಕೆ ಕಪ್ಪೋ ಬಿಳಿಯೋ ಎಂದಷ್ಟೇ ಹೇಳುತ್ತದೆ.

ನಮ್ಮ ಕಷ್ಟವೂ ಜಪಾನಿನವರದ್ದೇ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪಂಚಾಯತಿನಲ್ಲಿ ಮಲಯಾಳ. ಮದ್ರಸ ಬಿಟ್ಟರೆ ಬೇರೆ ಓದು ಕಾಣದ ಅಜ್ಜಿಯರಿಗೆ ಕೈಬರಹ ಅಂದರೆ ಅರಬಿ ಮಲಯಾಳ ಮಾತ್ರ. ವೀಸಾ ಬರುವುದು ಅರಬಿ ಮತ್ತು ಇಂಗ್ಲಿಷಿನಲ್ಲಿ. ಆ ಕಾಲದ ಕಂಪ್ಯೂಟರಿನಲ್ಲಿ ಒಂದು ಕನ್ನಡ ಪತ್ರ ಕಳಿಸಿದರೆ, ಅದೇ ಫಾಂಟ್ ಆ ಕಡೆಯೂ ಇಲ್ಲದಿದ್ದರೆ ಬರೀ ಕಸ ಕಾಣುತ್ತಿತ್ತು. ವಿಂಡೋಸಿಗೆ ಕನ್ನಡ ತಾನಾಗಿ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅಷ್ಟರವರೆಗೆ ಉಮ್ಮ ಬರೆದ ನಾಲ್ಕು ಸಾಲು ಅವಳ ಅಕ್ಷರದಲ್ಲೇ ಒಂದು ನಿಮಿಷದಲ್ಲಿ ಶಾರ್ಜಾ ಮುಟ್ಟುವ ದಾರಿ ಫ್ಯಾಕ್ಸ್ ಒಂದೇ ಆಗಿತ್ತು. ಬೂತಿಗೆ ಬಂದ ಹೆಂಗಸರು ಹಾಳೆಯನ್ನು ನನ್ನ ಕೈಗೆ ಕೊಡುವಾಗ ಮಡಿಚಿ ಕೊಡುತ್ತಿದ್ದರು. ಬಿಚ್ಚದೆ ಕಳಿಸಲು ಆಗುವುದಿಲ್ಲ ಎಂದು ಪ್ರತಿ ಸಲ ಹೇಳಬೇಕಾಗುತ್ತಿತ್ತು. ಕೊನೆಗೆ ಬರೆದ ಬದಿ ಕೆಳಗೆ ಮಾಡಿ ಯಂತ್ರಕ್ಕೆ ಅವರೇ ಇಡುವುದನ್ನು ಕಲಿಸಿದೆ.

ಇನ್ನು ಮೋಡೆಮ್. ಅಮೆರಿಕದಲ್ಲಿ ಹೇಯ್ಸ್ ಎಂಬ ಕಂಪೆನಿ 1981ರಲ್ಲಿ ತಂದ ಸ್ಮಾರ್ಟ್‌ಮೋಡೆಮ್ ಈ ಮನೆತನದ ಹಿರಿಯ. ಕಂಪ್ಯೂಟರ್ ಮೋಡೆಮಿಗೆ 'ಎಟಿ' ಎಂದು ಕೂಗಿ ಅಪ್ಪಣೆ ಕೊಡುವ ಪದ್ಧತಿ ಅಲ್ಲಿಂದ ಬಂತು, ಆಮೇಲೆ ಎಲ್ಲ ಕಂಪೆನಿಯವರೂ ಅದನ್ನೇ ಹಿಡಿದರು. 1990ರ ದಶಕದ ನಡುವಿಗೆ ಮಾರುಕಟ್ಟೆಗೆ ಬರುವ ಮೋಡೆಮಿನಲ್ಲಿ ಫ್ಯಾಕ್ಸ್ ಸೇರಿಯೇ ಇರುತ್ತಿತ್ತು. ಭಾರತದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು, ಅದೂ ಮೊದಲು ಕೆಲವೇ ಮಹಾನಗರಗಳಲ್ಲಿ. ನಮ್ಮ ಕಡೆ ಮೋಡೆಮ್ ಕೊಂಡವರಲ್ಲಿ ಇಂಟರ್‌ನೆಟ್ಟಿಗಾಗಿ ಕೊಂಡವರು ಕಡಿಮೆ. ಮಾಮನ ಲೆಕ್ಕ ಬೇರೆ ಇತ್ತು: ಸುರುಳಿ ಕಾಗದದ ಖರ್ಚು ಉಳಿಯುತ್ತದೆ, ಬಂದ ವೀಸಾವನ್ನು ಸಾದಾ ಕಾಗದದಲ್ಲಿ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು.

ಮಂಗಳೂರಿನ ಅಂಗಡಿಯವನು ಕಾರ್ಡನ್ನು ಒಂದು ಬೆಳ್ಳಿ ಬಣ್ಣದ ಚೀಲದಲ್ಲಿ ಕೊಟ್ಟ. ಜತೆಗೆ ಒಂದು ಫ್ಲಾಪಿ, ಚೀನಾದವರ ಇಂಗ್ಲಿಷಿನ ಒಂದು ಪುಸ್ತಕ. ಹಾಕಿಕೊಡುವ ಜನ ಸಿಗಲಿಲ್ಲ. ನಾನು ಮತ್ತು ಮಾಮನ ಮಗ ಒಂದು ಶುಕ್ರವಾರ ಕೈ ಹಾಕಿದೆವು. ಗಲ್ಫಿನಲ್ಲಿ ಅಂದು ರಜೆ, ಫ್ಯಾಕ್ಸ್ ಬರುವುದಿಲ್ಲ.

ಮೊದಲ ತೊಡಕು ಗೋಡೆಯಲ್ಲೇ. ಆ ಕಾರ್ಡಿನ ಹಿಂದೆ 'ಲೈನ್', 'ಫೋನ್' ಎಂದು ಎರಡು ಚೌಕ ತೂತು. ನಮ್ಮ ಟೆಲಿಫೋನ್ ಇಲಾಖೆಯ ವಯರು ರೋಸೆಟ್ ಪೆಟ್ಟಿಗೆಯೊಳಗೆ ತಿರುಪಿನಲ್ಲಿ ಬಿಗಿದದ್ದು. ಲೈನ್‌ಮ್ಯಾನನ್ನು ಕರೆದು ಚಹಾ ಕುಡಿಸಿ ತುದಿಗೆ ಪ್ಲಗ್ ಹಾಕಿಸಿದೆವು. ಗೋಡೆಯಿಂದ ಬಂದ ವಯರು ಲೈನಿಗೆ, ಫೋನಿನ ವಯರು ಫೋನಿಗೆ. ಇದನ್ನು ಅದಲು ಬದಲು ಮಾಡಿ ಅರ್ಧ ದಿನ ತಲೆ ಕೆರೆದುಕೊಂಡವರು ಎಷ್ಟೋ ಮಂದಿ ಇದ್ದಾರೆ.

ಎರಡನೆಯದು ನಿಜವಾದ ತೊಡಕು. ಆ ಕಾಲದ ಕಂಪ್ಯೂಟರಿನಲ್ಲಿ ಮೌಸ್, ಮೋಡೆಮ್ ಎಲ್ಲ 'ಕಾಮ್' ಎಂಬ ಬಾಗಿಲುಗಳಿಂದ ಒಳಗೆ ಬರಬೇಕು. ಬಾಗಿಲು ನಾಲ್ಕು, ಆದರೆ ಕರೆಗಂಟೆ ಎರಡೇ: ಒಂದನೆಯ ಮತ್ತು ಮೂರನೆಯ ಬಾಗಿಲಿಗೆ ಒಂದು ಗಂಟೆ, ಎರಡನೆಯ ಮತ್ತು ನಾಲ್ಕನೆಯದಕ್ಕೆ ಇನ್ನೊಂದು. ಇಂಟರಪ್ಟ್ 4 ಮತ್ತು 3 ಎಂದು ಅದರ ಹೆಸರು. ನಮ್ಮ ಮೌಸ್ ಒಂದನೆಯ ಬಾಗಿಲಲ್ಲಿತ್ತು. ಮೋಡೆಮನ್ನು ಅಂಗಡಿಯವನು ಮೂರನೆಯದಕ್ಕೆ ಇಟ್ಟು ಕೊಟ್ಟಿದ್ದ. ವಿಂಡೋಸ್ 95 ಕಾರ್ಡನ್ನು ಗುರುತಿಸಿತು, ಹೈಪರ್‌ಟರ್ಮಿನಲ್ ತೆರೆದು 'ಎಟಿ' ಎಂದು ಒತ್ತಿದರೆ 'ಓಕೆ' ಎಂಬ ಉತ್ತರವೂ ಬಂತು. ನಾವು ಗೆದ್ದೆವು ಅಂದುಕೊಂಡೆವು. ಆದರೆ ಮೋಡೆಮ್ ಕೆಲಸ ಹಿಡಿದ ಕೂಡಲೇ ಮೌಸ್ ಸತ್ತುಹೋಗುತ್ತಿತ್ತು.

ಆಗ ನಮಗೆ ಈ ಗಂಟೆಯ ಲೆಕ್ಕ ಗೊತ್ತಿರಲಿಲ್ಲ. ಮೌಸ್ ಕೆಟ್ಟಿದೆ ಎಂದು ತಿಳಿದು ಹೊಸ ಮೌಸ್ ತಂದೆವು!

ಮೂರನೆಯದು ನನಗೆ ಇವತ್ತಿಗೂ ರುಚಿಸುವ ಸಂಗತಿ. ಮಾಮನ ಬೂತಿನಲ್ಲಿ ಎರಡು ಲೈನ್ ಇತ್ತು. ಕಂಪ್ಯೂಟರಿನಿಂದ ಪಕ್ಕದ ಫ್ಯಾಕ್ಸ್ ಯಂತ್ರಕ್ಕೇ ಒಂದು ಹಾಳೆ ಕಳಿಸಿ ನೋಡೋಣ ಎಂದರೆ 'ಡಯಲ್ ಟೋನ್ ಇಲ್ಲ' ಎಂದು ಮೋಡೆಮ್ ಹಟ ಹಿಡಿಯಿತು. ರಿಸೀವರ್ ಎತ್ತಿ ಕಿವಿಗಿಟ್ಟರೆ ಟೋನ್ ಸ್ಪಷ್ಟವಾಗಿದೆ! ಸಂಗತಿ ಏನೆಂದರೆ ಆ ಮೋಡೆಮ್ ಹುಡುಕುತ್ತಿದ್ದದ್ದು ಅಮೆರಿಕದ ಟೋನನ್ನು, 350 ಮತ್ತು 440 ಹರ್ಟ್ಸಿನ ಎರಡು ಸ್ವರ ಕೂಡಿದ್ದು. ಭಾರತದ್ದು 400 ಹರ್ಟ್ಸಿನ ಸ್ವರ, ಸ್ವಲ್ಪ ನಡುಗುವಂಥದ್ದು. ನಮ್ಮ ಕಿವಿಗೆ ಎರಡೂ ಗುಂಯ್. ಅದಕ್ಕೆ ಒಂದು ಟೋನ್, ಇನ್ನೊಂದು ಬರೀ ಸದ್ದು. ಮದ್ದು ಬಹಳ ಸಣ್ಣದು. ಮೋಡೆಮಿನ ಸೆಟ್ಟಿಂಗಿನಲ್ಲಿ 'ಡಯಲ್ ಟೋನಿಗೆ ಕಾಯಿರಿ' ಎಂಬಲ್ಲಿನ ಗುರುತು ತೆಗೆಯಬೇಕು, ಇಲ್ಲವೇ 'ಎಕ್ಸ್3' ಎಂದು ಬರೆಯಬೇಕು. ಟೋನ್ ಕೇಳದೆ ಕುರುಡಾಗಿ ಡಯಲ್ ಮಾಡು ಎಂದು ಅದರ ಅರ್ಥ. ಪುಸ್ತಕದಲ್ಲಿ ಇದು ಇತ್ತು, ಆದರೆ ಯಾಕೆ ಎಂದು ಬರೆದಿರಲಿಲ್ಲ. ಹಳೆಯ ಎಕ್ಸ್‌ಚೇಂಜ್ ಇದ್ದ ಊರುಗಳಲ್ಲಿ ಇನ್ನೊಂದು ಹೆಜ್ಜೆಯೂ ಬೇಕಿತ್ತು: ಟೋನ್ ಡಯಲಿಂಗ್ ಬಿಟ್ಟು ಪಲ್ಸ್ ಡಯಲಿಂಗ್, ಕಟಕಟ ಅನ್ನುವಂಥದ್ದು. ಆ ಹೊತ್ತಿಗೆ ಹಳ್ಳಿ ಪೇಟೆಗಳಿಗೆಲ್ಲ ಸಿ-ಡಾಟ್ ಎಂಬ ಸರಕಾರಿ ಸಂಸ್ಥೆಯ ಡಿಜಿಟಲ್ ಎಕ್ಸ್‌ಚೇಂಜ್ ಬರುತ್ತಿತ್ತು. ಅದರ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಕೆಲಸ ಶುರು ಮಾಡಿದ್ದು ಕರ್ನಾಟಕದ ಕಿತ್ತೂರಿನಲ್ಲಿ.

ಇದೆಲ್ಲ ಆಟದ ಹಾಗೆ ನಡೆಯುತ್ತಿರುವಾಗ ನಮ್ಮ ಮನೆಯ ವೀಸಾವೇ ಬಂತು. ನನ್ನ ಹಿರಿಯಣ್ಣ, ನಾವು ಕಾಕ ಎಂದು ಕರೆಯುವವನು, ದುಬೈಗೆ ಹೊರಟಿದ್ದ. ಆ ಕಾಲದ ಕ್ರಮ ಗೊತ್ತಿದ್ದವರಿಗೆ ಗೊತ್ತು: ಅಸಲಿ ವೀಸಾ ದುಬೈ ವಿಮಾನ ನಿಲ್ದಾಣದಲ್ಲಿ ಜಮಾ ಆಗಿರುತ್ತದೆ, ಹೋಗುವವನ ಕೈಯಲ್ಲಿ ಅದರ ಪ್ರತಿ ಇರಬೇಕು, ಮುಂಬೈಯಲ್ಲಿ ಏಜೆಂಟ್ ಆ ಪ್ರತಿ ತೋರಿಸಿ ವಿಮಾನ ಕಂಪೆನಿಯ ಒಪ್ಪಿಗೆ ಮಾಡಿಸಬೇಕು. ಬಜ್ಪೆಯಿಂದ ದುಬೈಗೆ ವಿಮಾನ ಶುರುವಾದದ್ದು 2006ರಲ್ಲಿ. ಅಲ್ಲಿಯವರೆಗೆ ನಮಗೆಲ್ಲ ಮುಂಬೈಯೇ ಬಾಗಿಲು.

ಕಾಕನ ವೀಸಾ ಬಂದದ್ದು ಯಂತ್ರದ ಸುರುಳಿಯಲ್ಲಿ. ಪಾಸ್‌ಪೋರ್ಟ್ ನಂಬರಿನ ಒಂದು ಅಂಕೆ ಮೂರೋ ಎಂಟೋ ತಿಳಿಯುತ್ತಿರಲಿಲ್ಲ. ಏಜೆಂಟ್ ಅದನ್ನು ಒಪ್ಪಲಿಲ್ಲ. ಟಿಕೇಟಿಗೆ ಉಮ್ಮನ ಎರಡು ಬಳೆ ಹೋಗಿತ್ತು. ವೀಸಾಕ್ಕೆ ಅವಧಿ ಇದೆ, ರೈಲಿನ ದಿನ ಗೊತ್ತಾಗಿದೆ. ಉಪ್ಪ ಏನೂ ಮಾತಾಡದೆ ಬೂತಿನ ಬೆಂಚಿನಲ್ಲಿ ಬಂದು ಕುಳಿತರು. ಅದು ಬೈಗುಳಕ್ಕಿಂತ ಕಷ್ಟ.

ಅಂಕೆ ಮಸುಕಾದದ್ದು ಸುರುಳಿಯ ತಪ್ಪು ಮಾತ್ರ ಅಲ್ಲ. ಫ್ಯಾಕ್ಸಿನಲ್ಲಿ ಸಾದಾ ಎಂದರೆ ಮೇಲಿನಿಂದ ಕೆಳಕ್ಕೆ ಇಂಚಿಗೆ 98 ಗೆರೆ. 'ಫೈನ್' ಒತ್ತಿ ಕಳಿಸಿದರೆ 196. ಅರಬಿ ಅಕ್ಷರದ ಚುಕ್ಕೆಗಳು, ವೀಸಾದ ಸಣ್ಣ ಅಂಕೆಗಳು ಸಾದಾದಲ್ಲಿ ಮುದ್ದೆಯಾಗುತ್ತವೆ. ಬಹಳ ಜನ ಸಮಯ ಉಳಿಸಲು ಸಾದಾದಲ್ಲೇ ಕಳಿಸುತ್ತಿದ್ದರು. ದುಬೈಗೆ ಫೋನ್ ಮಾಡಿ ಫೈನಿನಲ್ಲಿ ಇನ್ನೊಮ್ಮೆ ಕಳಿಸಲು ಹೇಳಿದೆವು. ಈ ಸಲ ಕಂಪ್ಯೂಟರಿನಲ್ಲಿ ಹಿಡಿಯುವುದು ಎಂದು ಮಾಮನ ಮಗನ ಹಟ.

"ಟೋನ್ ಕೊಡಿ" ಎಂದಿತು ಆ ಕಡೆ. ಪರದೆಯ ಮೇಲೆ 'ಈಗ ಉತ್ತರಿಸು' ಎಂಬ ಗುಂಡಿ ಇದೆ. ಅದನ್ನು ಒತ್ತಿದೆವು. ಮೋಡೆಮ್ ಕೂಗಿತು, ಮೌಸ್ ನಿಂತಿತು, ಮೌಸಿನ ಜತೆ ಕಂಪ್ಯೂಟರೂ ನಿಂತಿತು. ಫೋನ್ ಕಡಿಯಿತು.

ಆ ರಾತ್ರಿ ಪುಸ್ತಕದ ಕೊನೆಯ ಪುಟದ ಪಟ್ಟಿಯನ್ನು ಬೆರಳಿಟ್ಟು ಓದಿದೆವು. ಕಾಮ್ ಒಂದಕ್ಕೂ ಮೂರಕ್ಕೂ ಎದುರಿಗೆ ಒಂದೇ ಅಂಕೆ ಇರುವುದು ಅಲ್ಲಿ ಕಣ್ಣಿಗೆ ಬಿತ್ತು. ಪೆಟ್ಟಿಗೆ ಬಿಚ್ಚಿ ಕಾರ್ಡಿನ ಮೇಲಿನ ಜಂಪರ್, ಅಕ್ಕಿಕಾಳಿನಷ್ಟು ದೊಡ್ಡ ಟೊಪ್ಪಿ, ಅದನ್ನು ಉಮ್ಮನ ಹುಬ್ಬು ಕೀಳುವ ಚಿಮಟದಲ್ಲಿ ತೆಗೆದು ಎರಡನೆಯ ಬಾಗಿಲಿಗೆ ಇಟ್ಟೆವು. ಕಂಪ್ಯೂಟರಿನದೇ ಎರಡನೆಯ ಬಾಗಿಲನ್ನು ಬಯಾಸ್‌ನಲ್ಲಿ ಮುಚ್ಚಬೇಕು, ಇಲ್ಲದಿದ್ದರೆ ಒಂದೇ ಬಾಗಿಲಿಗೆ ಇಬ್ಬರು. ಅದನ್ನೂ ಮಾಡಿದೆವು. ಮರುದಿನ ಬೆಳಿಗ್ಗೆ ಹತ್ತೂವರೆಗೆ, ದುಬೈಯಲ್ಲಿ ಒಂಬತ್ತು, ಫೋನ್ ಬಂತು. ಮೌಸ್ ಓಡುತ್ತಲೇ ಇತ್ತು. ಹಾಳೆ ಪೂರ್ತಿ ಇಳಿಯಲು ಹತ್ತಿರ ಎರಡು ನಿಮಿಷ ಹಿಡಿಯಿತು. ಪ್ರಿಂಟ್ ತೆಗೆದರೆ ಅಂಕೆ ಎಂಟು.

ಉಪ್ಪ ಕನ್ನಡಕ ಹಾಕಿ ಪಾಸ್‌ಪೋರ್ಟಿನ ಜತೆ ಇಟ್ಟು ಎರಡು ಸಲ ನೋಡಿದರು, ಮೂರು ಪ್ರತಿ ತೆಗೆ ಎಂದರು. ಕಾಕ ಕೊಂಕಣ ರೈಲಿನಲ್ಲಿ ಮುಂಬೈಗೆ ಹೋದ. ಆ ದಾರಿ ಪೂರ್ತಿ ತೆರೆದು ಆಗಿನ್ನೂ ಹೆಚ್ಚು ಕಾಲ ಆಗಿರಲಿಲ್ಲ.

ಮೋಡೆಮ್ ಯಂತ್ರವನ್ನು ಪೂರ್ತಿ ಓಡಿಸಲಿಲ್ಲ ಎಂಬುದನ್ನೂ ಹೇಳಬೇಕು. ಕೈಬರಹ ಕಳಿಸಲು ಸ್ಕ್ಯಾನರ್ ಬೇಕು, ಅದು ನಮ್ಮಲ್ಲಿರಲಿಲ್ಲ. ಹಾಗಾಗಿ ಹೆಂಗಸರ ಪತ್ರಗಳೆಲ್ಲ ಕೊನೆಯವರೆಗೂ ಹಳೆಯ ಯಂತ್ರದಲ್ಲೇ ಹೋದವು. ಮತ್ತೆ ಕರೆಂಟ್ ಹೋದರೆ ಮೋಡೆಮೂ ಇಲ್ಲ. ಎಲ್ಲಕ್ಕಿಂತ ದೊಡ್ಡ ವೈರಿ ಸಿಡಿಲು. ಮಳೆಗಾಲದ ಮೊದಲೂ ಕೊನೆಗೂ ನಮ್ಮ ಕಡೆ ಸಂಜೆ ಹೊತ್ತು ಬರುವ ಗುಡುಗಿಗೆ ಟೆಲಿಫೋನ್ ವಯರೇ ದಾರಿ. ಮೋಡ ಕಟ್ಟಿದರೆ ಮೊದಲು ವಯರು ಎಳೆಯಬೇಕೆಂದು ಬೂತಿನ ಗೋಡೆಯಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಬರೆದು ಅಂಟಿಸಿದ್ದೆವು. ಒಂದು ಅಕ್ಟೋಬರಿನಲ್ಲಿ ಯಾರೂ ಎಳೆಯಲಿಲ್ಲ. ಕಾರ್ಡಿನ ಒಂದು ಚಿಪ್ಪು ಸುಟ್ಟು ಕಪ್ಪಾಗಿತ್ತು.

ಈಗ ನಿಮ್ಮ ಮನೆಯ ಮಾತಿಗೆ ಬರುತ್ತೇನೆ. ಸುರುಳಿ ಕಾಗದದಲ್ಲಿ ಶಾಯಿ ಇಲ್ಲ. ಬಿಸಿ ತಾಗಿದಲ್ಲಿ ಕಪ್ಪಾಗುವ ಲೇಪ ಮಾತ್ರ. ಬಿಸಿಲು, ಸೆಕೆ, ಪ್ಲಾಸ್ಟಿಕ್ ಲಕೋಟೆ ಮೂರೂ ಅದನ್ನು ತಿನ್ನುತ್ತವೆ. ಜೋಪಾನ ಮಾಡಲೆಂದು ಪ್ಲಾಸ್ಟಿಕ್ಕಿನಲ್ಲಿ ಇಟ್ಟವರದ್ದೇ ಬೇಗ ಮಾಸಿದ್ದು. ಕಂಪ್ಯೂಟರಿನಲ್ಲಿ ಹಿಡಿದವುಗಳ ಪಾಡೂ ಸುಖವಲ್ಲ: ವಿಂಡೋಸ್ 95 ಅವನ್ನು ಎಡಬ್ಲ್ಯುಡಿ ಎಂಬ ತನ್ನದೇ ಜಾತಿಯ ಕಡತವಾಗಿ ಇಟ್ಟಿತು, ಇಂದಿನ ಕಂಪ್ಯೂಟರ್ ಅದನ್ನು ಹಾಗೇ ತೆರೆಯುವುದಿಲ್ಲ. ನಮ್ಮವರು ಗಲ್ಫಿಗೆ ಹೋದ ಚರಿತ್ರೆಗೆ ಬೇರೆ ದಾಖಲೆ ಹೆಚ್ಚಿಲ್ಲ. ಯಾರು ಯಾವ ವರ್ಷ, ಯಾವ ಕೆಲಸಕ್ಕೆ, ಯಾರ ಹೆಸರಿನ ವೀಸಾದಲ್ಲಿ ಹೋದರು ಎಂಬುದು ಇದ್ದರೆ ಈ ಕಾಗದಗಳಲ್ಲೇ ಇದೆ. ಕಪಾಟಿನಲ್ಲಿ ಸುರುಳಿ ಕಾಗದ ಸಿಕ್ಕರೆ ಅದಕ್ಕೆ ಇಸ್ತ್ರಿ ಹಾಕಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಎರಡೂ ಬಿಸಿ, ಹಾಳೆ ಪೂರ್ತಿ ಕಪ್ಪಾಗುತ್ತದೆ. ನೆರಳಿನಲ್ಲಿಟ್ಟು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಮಾಸಿದ ಗೆರೆಯೂ ಕಾಂಟ್ರಾಸ್ಟ್ ಏರಿಸಿದರೆ ಕೆಲವೊಮ್ಮೆ ಕಾಣುತ್ತದೆ.

ಕಾಕನ ಎರಡು ಹಾಳೆಯೂ ಉಮ್ಮನ ಪೆಟ್ಟಿಗೆಯಲ್ಲಿವೆ. ಸಾದಾ ಕಾಗದದ ಪ್ರಿಂಟ್ ಇವತ್ತಿಗೂ ಓದಲು ಬರುತ್ತದೆ. ಸುರುಳಿಯದ್ದು ಪೂರ್ತಿ ಬಿಳಿ. ಏಜೆಂಟ್ ಆ ಅಂಕೆಯ ಸುತ್ತ ಬಾಲ್‌ಪೆನ್ನಿನಲ್ಲಿ ಎಳೆದ ನೀಲಿ ಸೊನ್ನೆ ಮಾತ್ರ ಹಾಗೇ ಇದೆ.