ಶರಣಾಗತನೂ ನ್ಯಾಯಪೀಠವೂ

ಶರಣು ಬಂದವನನ್ನು ಹಗೆಯ ಕೈಗೆ ಒಪ್ಪಿಸಬಾರದೆಂಬದು ನಮ್ಮ ರಾಜಧರ್ಮದ ಪುರಾತನ ನಿಯಮವು. ವಿಭೀಷಣನು ಆಶ್ರಯ ಬೇಡಿ ಬಂದಾಗ ಸುಗ್ರೀವನು ಅವನನ್ನು ಗೂಢಚಾರನೆಂದು ಶಂಕಿಸಿ ಕೊಲ್ಲಬೇಕೆಂದನು. ಆಂಜನೇಯನು ಅವನ ಪರವಾಗಿ ನುಡಿದನು. ಶ್ರೀರಾಮನು ಎಲ್ಲರ ಮಾತನ್ನೂ ಆಲಿಸಿ ಅಭಯವಿತ್ತನು. ಈ ಕಥೆಯಲ್ಲಿ ಅಭಯಕ್ಕೆಷ್ಟೋ ವಿಚಾರಣೆಗೂ ಅಷ್ಟೇ ಬೆಲೆಯುಂಟು.

ಧಾರವಾಡ ಸೀಮೆಯ ನೆಲವೂ ಇಂತಹ ಒಬ್ಬ ಶರಣಾರ್ಥಿಯನ್ನು ಕಂಡಿದೆ. ಕ್ರಿ. ಶ. 1689ರ ಮಾರ್ಚ್ ತಿಂಗಳಲ್ಲಿ ಔರಂಗಜೇಬನು ಸಂಭಾಜಿಯನ್ನು ಕೊಲ್ಲಿಸಿದನು. ಸಂಭಾಜಿಯ ತಮ್ಮನಾದ ರಾಜಾರಾಮನು ಅದೇ ವರ್ಷ ಪನ್ಹಾಳಗಡವನ್ನು ಬಿಟ್ಟು, ಲಿಂಗವಂತ ಯಾತ್ರಿಕರ ವೇಷದಿಂದ, ದೂರದ ಜಿಂಜಿಯ ಕೋಟೆಯತ್ತ ಹೊರಟನು. ಗೋಕಾಕ, ಸವದತ್ತಿ, ನವಲಗುಂದ, ಅಣ್ಣಿಗೇರಿ, ಲಕ್ಷ್ಮೇಶ್ವರ, ಹಾವೇರಿಗಳ ಮೇಲಿಂದ ಅವನು ಸಾಗಿದನೆಂದು ಇತಿಹಾಸಜ್ಞರು ದಾರಿಯನ್ನು ಗುರುತಿಸಿದ್ದಾರೆ. ಕೇಶವ ಪಂಡಿತನ ‘ರಾಜಾರಾಮಚರಿತ’ವೆಂಬ ಸಂಸ್ಕೃತ ಕಾವ್ಯಕ್ಕೆ ಈ ಪ್ರಯಾಣವೇ ವಸ್ತುವು.

ಮುಂದೆ ಕೆಳದಿಯ ಸೀಮೆ. ಅಲ್ಲಿ ಆಳುತ್ತಿದ್ದವಳು ರಾಣಿ ಚೆನ್ನಮ್ಮಾಜಿ. ಅಭಯವನ್ನು ನಿರಾಕರಿಸಲು ಅವಳಿಗೆ ಕಾರಣಗಳು ಇಲ್ಲದೆ ಇರಲಿಲ್ಲ. 1665ರಲ್ಲಿ ಕೆಳದಿಯವರ ಬಸರೂರನ್ನು ಕೊಳ್ಳೆ ಹೊಡೆದವನು ಇದೇ ರಾಜಾರಾಮನ ತಂದೆಯಾದ ಶಿವಾಜಿ. ವಿಜಾಪುರ, ಗೋಲಕೊಂಡಗಳೆರಡನ್ನೂ ನುಂಗಿದ ಮೊಗಲ ಬಾದಶಹನ ಕೋಪವು ಇನ್ನೊಂದು ಕಾರಣ. ಆದರೂ ರಾಣಿಯು ಹಳೆಯ ಹಗೆಯನ್ನು ಎಣಿಸದೆ ಅವನನ್ನು ತನ್ನ ಸೀಮೆಯಿಂದ ಸುರಕ್ಷಿತವಾಗಿ ದಾಟಿಸಿದಳು. ಮೊಗಲ ಸೇನೆಯು ಕೆಳದಿಯ ಮೇಲೆ ಏರಿ ಬಂದಿತು. ಯುದ್ಧವು ಸಂಧಿಯಲ್ಲಿ ಮುಗಿಯಿತು. ಅಷ್ಟರಲ್ಲಿ ರಾಜಾರಾಮನು ಜಿಂಜಿಯನ್ನು ಸೇರಿದ್ದನು.

ಆದರೆ ರಾಣಿಯು ಒಲ್ಲೆನೆಂದಿದ್ದರೆ? ಆಗ ಅವನು ದೂರು ಕೊಂಡೊಯ್ಯುವ ಸ್ಥಾನವೇ ಇರಲಿಲ್ಲ. ಅಭಯವು ಅರಸಿನ ಔದಾರ್ಯವಾಗಿತ್ತಲ್ಲದೆ ಬೇಡುವವನ ಹಕ್ಕಾಗಿರಲಿಲ್ಲ.

ಈ ಕೊರತೆಯು ನಮ್ಮ ಕಾಲದಲ್ಲಿಯೂ ಪೂರ್ಣವಾಗಿ ನೀಗಿಲ್ಲ. ಕಲಘಟಗಿಗೆ ಸಮೀಪದ ಮುಂಡಗೋಡಿನಲ್ಲಿ 1966ರಿಂದ ಟಿಬೇಟದ ನಿರಾಶ್ರಿತರು ನೆಲೆಸಿದ್ದಾರೆ. ಅವರಿಗೆ ದೊರೆತ ಆಶ್ರಯವೂ ಸರಕಾರದ ಕೃಪೆಯಿಂದಲೇ ಬಂದದ್ದು. ಪ್ರಾಣಭಯವಿರುವ ನಾಡಿಗೆ ಶರಣಾರ್ಥಿಯನ್ನು ಮರಳಿ ದೂಡಬಾರದೆಂದು ವಿಧಿಸುವ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವು ಸಹಿ ಹಾಕಿಲ್ಲ. ವಿದೇಶೀಯರನ್ನು ಹೊರಹಾಕುವಲ್ಲಿ ಸರಕಾರದ ಅಧಿಕಾರವು ನಿರಂಕುಶವೆಂದು ಸರ್ವೋಚ್ಚ ನ್ಯಾಯಾಲಯವು 1955ರಲ್ಲಿ ಹೇಳಿತು.

ಆದರೂ ಸಂವಿಧಾನದ 21ನೆಯ ವಿಧಿಯು ಜೀವದ ರಕ್ಷೆಯನ್ನು ನಾಗರಿಕನಿಗೆ ಮಾತ್ರವಲ್ಲ, ಪ್ರತಿಯೊಬ್ಬ ಮನುಷ್ಯನಿಗೂ ಕೊಟ್ಟಿದೆ. ಈ ಬಾಗಿಲಿನಿಂದಲೇ ನ್ಯಾಯಪೀಠವು ಒಳಗೆ ಬಂದಿತು. 1996ರಲ್ಲಿ ಅರುಣಾಚಲದ ಚಕಮಾ ಜನರ ಪ್ರಾಣರಕ್ಷಣೆ ಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ಅಲ್ಲಿಯ ಸರಕಾರಕ್ಕೆ ಆಜ್ಞಾಪಿಸಿತು. ಇರಾಕದ ಇಬ್ಬರು ನಿರಾಶ್ರಿತರ ಅರ್ಜಿಯ ಮೇಲೆ ಗುಜರಾತದ ಉಚ್ಚ ನ್ಯಾಯಾಲಯವು 1998ರಲ್ಲಿ, ಮರಳಿ ದೂಡಬಾರದೆಂಬ ನಿಯಮವು ಇದೇ 21ನೆಯ ವಿಧಿಯಲ್ಲಿ ಅಡಗಿದೆಯೆಂದಿತು; ದೇಶದ ಭದ್ರತೆಗೆ ಬಾಧಕವಿರಬಾರದೆಂಬದೊಂದೇ ಕಟ್ಟು. ಆದರೆ 2021ರಲ್ಲಿ ಜಮ್ಮುವಿನ ರೋಹಿಂಗ್ಯಾ ಜನರು ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದಾಗ ಅವರನ್ನು ಹೊರದೂಡುವದಕ್ಕೆ ತಡೆ ದೊರೆಯಲಿಲ್ಲ. ವಿಹಿತ ಕ್ರಮವನ್ನು ಅನುಸರಿಸದೆ ಕಳಿಸಬಾರದೆಂಬ ಮಾತಷ್ಟೇ ದೊರೆಯಿತು.

ಆ ಮಾತು ಅಭಯಕ್ಕೆ ಸಾಟಿಯಲ್ಲ. ಆದರೂ ಅರಸನ ನಿರಾಕರಣೆಗೆ ಕಾರಣ ಕೇಳುವ ಒಂದು ಸ್ಥಾನವು ಅದರಿಂದ ಉಳಿದಿದೆ. ಚೆನ್ನಮ್ಮಾಜಿಯಂತಹ ಅರಸರು ಎಲ್ಲ ಕಾಲಕ್ಕೂ ದೊರೆಯರು. ಆದುದರಿಂದ ಶರಣಾರ್ಥಿಯ ಮೊರೆಯನ್ನು ಆಲಿಸುವ ಕಾಯದೆಯೊಂದು ನಮ್ಮ ನಾಡಿಗೆ ಅವಶ್ಯಕವು.