ಗುಂಡಿಗಲ್ಲ, ಕ್ಷಯಕ್ಕೆ ಬಲಿಯಾದವರು

ಸೈನಿಕನ ಸಾವು ಎಂದಾಕ್ಷಣ ನಮ್ಮ ಕಣ್ಮುಂದೆ ಬರುವುದು ರಣರಂಗ. ಎದೆಗೆ ಗುಂಡು ತಗುಲಿ ಬಿದ್ದವನಿಗೆ ಪದಕವಿದೆ, ಹಾಡಿ ಹೊಗಳುವವರೂ ಇದ್ದಾರೆ. ಆದರೆ ಪರದೇಶದ ಚಳಿಯಲ್ಲಿ ಕೆಮ್ಮಿ ಕೆಮ್ಮಿ ಪ್ರಾಣಬಿಟ್ಟ ಯುವಕನನ್ನು ನೆನೆಯುವವರು ಯಾರು?

ಜರ್ಮನಿಯ ಬರ್ಲಿನ್ ನಗರದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ವುನ್ಸ್‌ಡಾರ್ಫ್ ಎಂಬ ಊರಿದೆ. ಒಂದನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ 'ಅರ್ಧಚಂದ್ರ ಶಿಬಿರ' ಎಂಬ ಯುದ್ಧಕೈದಿಗಳ ಶಿಬಿರವಿತ್ತು. ಬ್ರಿಟಿಷರ ಪರವಾಗಿ ಫ್ರಾನ್ಸಿನಲ್ಲಿ ಕಾದಾಡಿ ಸೆರೆಸಿಕ್ಕ ಭಾರತೀಯರನ್ನೂ, ಫ್ರೆಂಚ್ ಸೇನೆಯಲ್ಲಿದ್ದ ಉತ್ತರ ಆಫ್ರಿಕದ ಮುಸ್ಲಿಮರನ್ನೂ ಅಲ್ಲಿ ಇರಿಸಲಾಗಿತ್ತು.

ಜರ್ಮನಿಗೆ ಆಗ ಉಸ್ಮಾನೀ ತುರ್ಕಿಯ ಸ್ನೇಹವಿತ್ತು. ಈ ಕೈದಿಗಳನ್ನು ಬ್ರಿಟಿಷರ ಮತ್ತು ಫ್ರೆಂಚರ ವಿರುದ್ಧ ತಿರುಗಿಸಬೇಕೆಂಬುದು ಅದರ ಲೆಕ್ಕಾಚಾರ. ಅದಕ್ಕಾಗಿ 1915ರ ಜುಲೈಯಲ್ಲಿ ಶಿಬಿರದೊಳಗೆ ಮರದ ಮಸೀದಿಯೊಂದು ಸಿದ್ಧವಾಯಿತು. ಜರ್ಮನಿಯ ನೆಲದಲ್ಲಿ ನಮಾಝಿಗಾಗಿಯೇ ಕಟ್ಟಿದ ಮೊದಲ ಮಸೀದಿ ಅದು. ಭಾರತೀಯರಿಗಾಗಿ ಉರ್ದು ಮತ್ತು ಹಿಂದಿಯಲ್ಲಿ 'ಹಿಂದೋಸ್ತಾನ್' ಎಂಬ ಪತ್ರಿಕೆ ಹೊರಬಂತು. ಒಬ್ಬ ದೊರೆ ಅವರ ಬಡತನವನ್ನು ಬಳಸಿಕೊಂಡಿದ್ದ. ಇನ್ನೊಬ್ಬ ಅವರ ಧರ್ಮವನ್ನು ಬಳಸಿಕೊಳ್ಳಲು ಹೊರಟ.

ಅದೇ ಶಿಬಿರಕ್ಕೆ ಜರ್ಮನ್ ವಿದ್ವಾಂಸರೂ ಬಂದರು. ಕೈದಿಗಳ ಭಾಷೆಗಳನ್ನು ಧ್ವನಿಮುದ್ರಿಸಿಕೊಳ್ಳುವುದು ಅವರ ಉದ್ದೇಶವಾಗಿತ್ತು. 1916ರ ಡಿಸೆಂಬರ್ 11ರಂದು ಮಾಲ್ ಸಿಂಗ್ ಎಂಬ ಪಂಜಾಬಿ ಸೈನಿಕ ಯಂತ್ರದ ಮುಂದೆ ನಿಂತು ಮಾತನಾಡಿದ. ಊರಲ್ಲಿ ಬೆಣ್ಣೆ ತಿಂದು ಬೆಳೆದವನೊಬ್ಬ ಅಂಗ್ರೇಜರ ಕೈಕೆಳಗೆ ಈ ಯುದ್ಧಕ್ಕೆ ಬಂದು ಸೆರೆಯಾದ, ಇನ್ನೆರಡು ವರ್ಷ ಇಲ್ಲೇ ಇದ್ದರೆ ಸತ್ತೇ ಹೋಗುತ್ತಾನೆ ಎಂಬುದು ಅವನ ಮಾತಿನ ಸಾರ. ಅವನು ಹೇಳಿದ್ದು ತನ್ನದೇ ಕಥೆ. ಆ ದನಿ ಇಂದಿಗೂ ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿ ಸಂಗ್ರಹದಲ್ಲಿದೆ.

ಅವನ ಭಯ ಸುಳ್ಳಾಗಿರಲಿಲ್ಲ. ಉತ್ತರದ ಚಳಿಗೆ ಒಗ್ಗದ ಮೈಗಳನ್ನು ಕ್ಷಯರೋಗ ಒಂದೊಂದಾಗಿ ತಿಂದುಹಾಕಿತು. ಕೊನೆಗೆ 1917ರಲ್ಲಿ ಭಾರತೀಯರನ್ನು ಚಳಿ ಕಡಿಮೆಯಿದ್ದ ರುಮೇನಿಯಾಕ್ಕೆ ಸಾಗಿಸಲಾಯಿತು. ಅಷ್ಟರಲ್ಲಿ ಅನೇಕರ ಪಾಲಿಗೆ ಕಾಲ ಮಿಂಚಿತ್ತು. ಅವರ ಗಂಟಲಿನ ಸ್ವರವನ್ನು ಕಾಪಾಡಿದವರಿಗೆ ಅವರ ಎದೆಯ ಉಸಿರನ್ನು ಕಾಪಾಡಲಾಗಲಿಲ್ಲ.

ಶಿಬಿರದ ಸಮೀಪದ ಝೆರೆನ್ಸ್‌ಡಾರ್ಫ್ ಸ್ಮಶಾನದಲ್ಲಿ 206 ಭಾರತೀಯ ಯೋಧರ ನೆನಪು ಉಳಿದಿದೆ. ಅವರಲ್ಲಿ ಮುಸ್ಲಿಮರು, ಹಿಂದೂಗಳು, ಸಿಖ್ಖರು ಎಲ್ಲರೂ ಇದ್ದಾರೆ. ಎರಡನೇ ಮಹಾಯುದ್ಧದ ಬಳಿಕ ಆ ಪ್ರದೇಶ ಸೋವಿಯತ್ ಸೇನೆಯ ವಶವಾಗಿ ಸ್ಮಶಾನ ಹಾಳುಬಿತ್ತು. 2005ರ ಹೊತ್ತಿಗೆ ಅದರ ಜೀರ್ಣೋದ್ಧಾರವಾಯಿತು. ಮಸೀದಿಯನ್ನಂತೂ ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಕೆಡವಿದ್ದರು. ಅದನ್ನು ಕಟ್ಟಿಸಿದವರಿಗೆ ಅದರ ಅಗತ್ಯ ತೀರಿತ್ತು.

ಆ ಯುದ್ಧದಲ್ಲಿ ಸುಮಾರು 74 ಸಾವಿರ ಭಾರತೀಯ ಸೈನಿಕರು ಮಡಿದರು. ರೋಗದಿಂದ ಸತ್ತವರೂ ಆ ಲೆಕ್ಕದೊಳಗೇ ಇದ್ದಾರೆ. ಆದರೆ ನಮ್ಮ ನೆನಪಿನೊಳಗೆ ಇಲ್ಲ. ಮಗ ಯುದ್ಧದಲ್ಲಿ ಸತ್ತನೋ, ಹಾಸಿಗೆಯಲ್ಲಿ ಸತ್ತನೋ, ಬಾಗಿಲಲ್ಲಿ ಕಾಯುವ ತಾಯಿಗೆ ಅದರಲ್ಲಿ ವ್ಯತ್ಯಾಸವೇನಿದೆ? ಯುದ್ಧದ ಬೆಲೆಯನ್ನು ಎಣಿಸುವಾಗ ಬರೀ ಗುಂಡುಗಳನ್ನಲ್ಲ, ಆ ಕೆಮ್ಮನ್ನೂ ಎಣಿಸಬೇಕು.