ಕುಲಶೇಖರದ ಗುಡ್ಡ ಮತ್ತು ತೋಡು

ಇತಿಹಾಸವೆಂದೊಡನೆ ನಮಗೆ ನೆನಪಾಗುವುದು ಅರಸರು ಮತ್ತು ಶಾಸನಗಳು. ಮಂಗಳೂರಿನ ಕುಲಶೇಖರದಲ್ಲಿ ಅವುಗಳಿಗೂ ಕೊರತೆಯಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಆಳಿದ ಆಳುಪ ದೊರೆ ಕುಲಶೇಖರನನ್ನು ಊರಿನ ಹೆಸರೇ ನೆನಪಿಸುತ್ತದೆ. ಇಲ್ಲಿಯ ವೀರನಾರಾಯಣ ದೇವಸ್ಥಾನದ ತುಳು ಶಾಸನವನ್ನು ವಿದ್ವಾಂಸರು ಕ್ರಿ.ಶ. 1159ರದೆಂದು ಓದಿದ್ದಾರೆ. ಆದರೆ ಅದಕ್ಕಿಂತ ಹಳೆಯದೊಂದು ದಾಖಲೆ ಗುಡ್ಡಗಳ ಬುಡದಲ್ಲಿ ಹರಿಯುತ್ತಿದೆ. ಅದು ತೋಡು. ತುಳುನಾಡಿನಲ್ಲಿ ಸಣ್ಣ ಹಳ್ಳವನ್ನು ಕರೆಯುವುದು ಹೀಗೆ. ಕುಲಶೇಖರದ ಪೂರ್ವಕ್ಕಿರುವ ಊರಿನ ಹೆಸರು ನೀರುಮಾರ್ಗ ಎಂಬುದನ್ನೂ ಗಮನಿಸಿ.

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಗರವಿದು. ಗುಡ್ಡದ ಮೇಲ್ಪದರ ಮುರಕಲ್ಲು. ಅದರ ಮೈತುಂಬ ರಂಧ್ರಗಳು. ಮಳೆನೀರು ಅದರೊಳಗೆ ಇಳಿಯುತ್ತದೆ. ಕೆಳಗಿರುವುದು ನುಣುಪಾದ ಶೇಡಿಮಣ್ಣು. ನೀರನ್ನು ಅದು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ತಡೆದ ನೀರು ಪಕ್ಕಕ್ಕೆ ಸರಿದು ಇಳಿಜಾರಿನಲ್ಲಿ ಒರತೆಯಾಗಿ ಹೊರಬರುತ್ತದೆ. (ಮಂಗಳೂರು ಹೆಂಚಿನ ಮಣ್ಣೇ ಇದು ಎಂದುಕೊಳ್ಳಬೇಡಿ, ಹೆಂಚಿಗೆ ಬೇಕಾದ ಜೇಡಿಮಣ್ಣು ಹೆಚ್ಚಾಗಿ ಬಂದದ್ದು ನದೀತೀರಗಳಿಂದ.)

ಈ ನೀರನ್ನು ನೋಡಿಯೇ ಹಿರಿಯರು ಗದ್ದೆಗಳಿಗೆ ಹೆಸರಿಟ್ಟರು. ಮಳೆಯನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು, ನಡುವಿನದು ಮಜಲು, ತೋಡಿನ ಪಕ್ಕದ ತಗ್ಗು ಬೈಲು. ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುತ್ತಿದ್ದರು. ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣುಗಳಿಂದ ಕಟ್ಟ ಹಾಕುವುದು ಊರವರೆಲ್ಲ ಸೇರಿ ಮಾಡುವ ಕೆಲಸವಾಗಿತ್ತು. ಕಟ್ಟದಲ್ಲಿ ನಿಂತ ನೀರಿನಿಂದ ಸುತ್ತಲಿನ ಬಾವಿಗಳಿಗೂ ಜೀವ ಬರುತ್ತಿತ್ತು. ಮುಂದಿನ ಮಳೆಗಾಲದ ಮೊದಲ ನೆರೆಗೆ ಅದು ಕೊಚ್ಚಿಹೋದರೂ ಯಾರೂ ದುಃಖಿಸುತ್ತಿರಲಿಲ್ಲ. ಅದನ್ನು ಕಟ್ಟುವ ಬಗೆಯೇ ಹಾಗೆ.

ನಗರ ಬೆಳೆದಂತೆ ಬೈಲುಗಳಿಗೆ ಮಣ್ಣು ತುಂಬಿತು. ತೋಡು ಕಾಂಕ್ರೀಟಿನ ಚರಂಡಿಯಾಯಿತು. ಗದ್ದೆಯಲ್ಲಿ ಹರಡಿಕೊಂಡು ನಿಧಾನವಾಗಿ ಇಂಗುತ್ತಿದ್ದ ನೀರಿಗೆ ಈಗ ಓಡುವುದೊಂದೇ ದಾರಿ. 2018ರ ಮೇ 29ರಂದು ಸುರಿದ ಮಳೆಗೆ ಮಂಗಳೂರಿನ ತಗ್ಗು ಪ್ರದೇಶಗಳ ಬೀದಿಗಳೇ ತೋಡುಗಳಾದವು. 2019ರ ಆಗಸ್ಟ್ ತಿಂಗಳಲ್ಲಿ ಪಡೀಲು–ಕುಲಶೇಖರ ನಡುವೆ ರೈಲು ಹಳಿಯ ಮೇಲೆ ಗುಡ್ಡ ಕುಸಿದು, ಕೊಂಕಣ ಮಾರ್ಗದ ಸಂಚಾರ ದಿನಗಟ್ಟಲೆ ಅಸ್ತವ್ಯಸ್ತವಾಯಿತು. ಒರತೆ ಕೊಡುವ ಶೇಡಿಮಣ್ಣೇ, ಗುಡ್ಡವನ್ನು ಕಡಿದಾಗಿ ಕತ್ತರಿಸಿ ತೆರೆದಿಟ್ಟರೆ, ನೆನೆದು ಜಾರುತ್ತದೆ. ಅದೇ ತಿಂಗಳು ಪಚ್ಚನಾಡಿಯ ಕಸದ ರಾಶಿಯೂ ಮಳೆಗೆ ಜರಿದು, ತಗ್ಗಿನ ಮಂದಾರದ ಮನೆಗಳನ್ನು, ತೋಟಗಳನ್ನು ಮುಚ್ಚಿತು. ಅಲ್ಲಿಯ ನೀರು ಇಳಿಯುವುದು ಫಲ್ಗುಣಿ ನದಿಯ ಕಡೆಗೆ.

ನಿಮ್ಮ ಶಾಲೆಯ ಬಳಿಯ ತೋಡನ್ನು ದೀಪಾವಳಿ ಕಳೆದು ಒಂದು ತಿಂಗಳ ಮೇಲೆ ನೋಡಿಬನ್ನಿ. ಮಳೆಯಿಲ್ಲದ ಆ ದಿನಗಳಲ್ಲೂ ತಿಳಿನೀರು ಹರಿಯುತ್ತಿದ್ದರೆ, ಮೇಲೆಲ್ಲೋ ಒಂದು ಒರತೆ ಇನ್ನೂ ಉಳಿದಿದೆ. ನೀರು ಕಪ್ಪಾಗಿದ್ದರೆ ಅದು ಎಲ್ಲಿಂದ ಕಪ್ಪಾಯಿತೆಂದು ಹುಡುಕುತ್ತ ತೋಡಿನ ಗುಂಟ ಮೇಲಕ್ಕೆ ನಡೆಯಿರಿ.